ನೀರನ್ನಷ್ಟೇ ಬಿಡುವ ಹರಳಿನ ಜರಡಿ

ಎಥನಾಲನ್ನು ಎಷ್ಟು ಸಲ ಬಟ್ಟಿ ಇಳಿಸಿದರೂ ತೂಕದಲ್ಲಿ ಶೇ 95.6ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆ ನೀರು, ಎಥನಾಲ್ ಎರಡೂ ಅದೇ ಪ್ರಮಾಣದಲ್ಲಿ ಆವಿಯಾಗುತ್ತವೆ. ಪೆಟ್ರೋಲಿಗೆ ಬೆರೆಸಬೇಕಾದರೆ ಉಳಿದ ಆ ನೀರೂ ಹೋಗಬೇಕು. ಸೋಡಿಯಂ-ಎ ಜಿಯೋಲೈಟ್ ಎಂಬ, ಮೈಯೆಲ್ಲ ಅತಿಸೂಕ್ಷ್ಮ ರಂಧ್ರಗಳಿರುವ ಹರಳಿನ ಪೊರೆ ಮಾಡುವುದು ಈ ಕೆಲಸವನ್ನೇ. ಅದರ ರಂಧ್ರ ಸುಮಾರು 0.4 ನ್ಯಾನೋಮೀಟರ್, ನೀರಿನ ಅಣು ನುಸುಳುತ್ತದೆ, ಎಥನಾಲ್ ಅಣುವಿಗೆ ಅದು ಇಕ್ಕಟ್ಟು. ಸಾಲದೆಂಬಂತೆ ಈ ಹರಳಿಗೆ ನೀರೆಂದರೆ ವಿಪರೀತ ಒಲವು.

ಈ ಪೊರೆಯನ್ನು ತಯಾರಿಸುವ ಬಗೆ ಮುಂದಿದೆ. ಕಾಸ್ಟಿಕ್ ಸೋಡಾ, ಒತ್ತಡದ ಪಾತ್ರೆ ಎಲ್ಲ ಬೇಕಾಗುವುದರಿಂದ ಇದು ಪ್ರಯೋಗಾಲಯದ ಅಡುಗೆ, ಮನೆಯದಲ್ಲ.

ಮೊದಲು, ಸೂಕ್ಷ್ಮ ರಂಧ್ರಗಳ ಅಲ್ಯೂಮಿನಾ ಕೊಳವೆಯ ಹೊರಮೈಯನ್ನು ನಯವಾಗಿ ಉಜ್ಜಿ, ತೊಳೆದು ಒಣಗಿಸಿ. ಪೊರೆ ಮೈಕ್ರೋಮೀಟರ್‌ಗಳಷ್ಟು ತೆಳುವಾಗಿರುವುದರಿಂದ ಆತು ನಿಲ್ಲಲು ಆಸರೆ ಬೇಕೇಬೇಕು.

ಮುಂದಿನದು ಹೆಪ್ಪು ಹಾಕುವುದು. ಮೊದಲೇ ತಯಾರಿಸಿದ ಜಿಯೋಲೈಟಿನ ನುಣ್ಣನೆಯ ಹರಳುಗಳನ್ನು ನೀರಿನಲ್ಲಿ ಕದಡಿ ಕೊಳವೆಗೆ ಸವರಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹರಳು ತೀರಾ ಸಣ್ಣದಾದರೆ ಆಸರೆಯ ರಂಧ್ರದೊಳಕ್ಕೆ ಇಳಿದುಹೋಗುತ್ತದೆ. ವಿರಳವಾದರೆ ಪೊರೆಯಲ್ಲಿ ಸಂದು ಉಳಿಯುತ್ತದೆ, ದಟ್ಟವಾದರೆ ಪದರ ದಪ್ಪವಾಗಿ ನೀರು ಹರಿಯುವುದೇ ನಿಧಾನವಾಗುತ್ತದೆ. ಕೈ ಪಳಗುವ ತನಕ ನಾಲ್ಕಾರು ಕೊಳವೆ ಹಾಳಾದರೆ ಬೇಸರಪಡಬೇಡಿ.

ಸೋಡಿಯಂ ಅಲ್ಯೂಮಿನೇಟ್, ಸೋಡಿಯಂ ಸಿಲಿಕೇಟ್‌ಗಳನ್ನು ಕ್ಷಾರದ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಬೆರೆಸಿ ಕಲಕಿದರೆ ಗಂಜಿಯಂಥ ದ್ರವವಾಗುತ್ತದೆ. ಅದನ್ನು ಟೆಫ್ಲಾನ್ ಒಳಪದರದ ಪಾತ್ರೆಗೆ ಸುರಿದು, ಹರಳು ಸವರಿದ ಕೊಳವೆಯ ಎರಡೂ ತುದಿ ಮುಚ್ಚಿ ಅದರಲ್ಲಿ ನೆಟ್ಟಗೆ ನಿಲ್ಲಿಸಿ. ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ನಾಲ್ಕು ಗಂಟೆ ಇಟ್ಟರೆ ಬಿತ್ತಿದ ಹರಳುಗಳು ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕ್ಷಾರ ಹೋಗುವವರೆಗೆ ತೊಳೆದು, ನಿಧಾನವಾಗಿ ಒಣಗಿಸಿ. ಕೆಲವು ಜಿಯೋಲೈಟ್‌ಗಳಲ್ಲಿ ರಂಧ್ರ ತೆರೆಯಲು ಒಳಗಿನ ಸಾವಯವ ಅಣುಗಳನ್ನು ಸುಡಬೇಕಾಗುತ್ತದೆ, ಆಗ ಪೊರೆ ಬಿರಿಯುವ ಭಯ. ಇಲ್ಲಿ ಆ ತಾಪತ್ರಯವಿಲ್ಲ.

ಪರೀಕ್ಷೆಗೆ ಹೊರಗೆ ಬಿಸಿ ಎಥನಾಲ್-ನೀರಿನ ಮಿಶ್ರಣ ಹರಿಸಿ, ಕೊಳವೆಯ ಒಳಗೆ ನಿರ್ವಾತ ಉಂಟುಮಾಡಿ. ಬಂದ ಆವಿಯನ್ನು ತಣಿಸಿದರೆ ಹೆಚ್ಚುಕಡಿಮೆ ಬರೀ ನೀರು ಸಿಗಬೇಕು. ಎಥನಾಲ್ ಧಾರಾಳವಾಗಿ ಬಂದರೆ ಎಲ್ಲೋ ಬಿರುಕಿದೆ ಎಂದರ್ಥ.

ಜಪಾನಿನ ಮಿತ್ಸುಯಿ ಕಂಪನಿಯವರು 2001ರಲ್ಲಿ ವಿವರಿಸಿದ ಸ್ಥಾವರದಲ್ಲಿ 16 ಘಟಕಗಳಿದ್ದವು, ಒಂದೊಂದರಲ್ಲಿ ಇಂಥ 125 ಕೊಳವೆಗಳು. ಅಷ್ಟೂ ಕೊಳವೆಗಳನ್ನು ಹುಳಿಯಿಂದ ಕಾಪಾಡಬೇಕು. ಆಮ್ಲ ತಾಗಿದರೆ ಈ ಹರಳು ಕರಗಿಯೇ ಹೋಗುತ್ತದೆ.