ಹೆಡ್ ಕೆಲಸ ಆದ ಮೇಲೆ ಬಂದ ನೀಲಿ ಹೊಗೆ: ನನ್ನ ಅನುಭವ

ಶಿರಾಡಿ ಘಾಟಿ ಹತ್ತುವಾಗ ನನ್ನ ಕಾರಿನ ವಾಟರ್ ಪಂಪ್ ಕೈಕೊಟ್ಟಿತು. ಮಾರನಹಳ್ಳಿ ಹತ್ತಿರ ಬರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತ್ತು. 1.3 ಲೀಟರಿನ ಟರ್ಬೊ ಡೀಸೆಲ್ ಗಾಡಿ. ಟರ್ಬೊ ಅಂದರೆ ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಪಂಪ್. ಹಾಸನಕ್ಕೆ ಎಳೆಸಿಕೊಂಡು ಬಂದು ಗ್ಯಾರೇಜಿಗೆ ಬಿಟ್ಟೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ, ಅದರ ತಳ ಸಮ ಮಾಡುವ ಫೇಸಿಂಗ್ ಮಾಡಿಸಿ, ಸಂದಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೊಸದು ಹಾಕಿ ಕೊಟ್ಟರು.

ಮನೆಗೆ ತಂದ ಮರುದಿನವೇ ಸೈಲೆನ್ಸರಿನಿಂದ ನೀಲಿ ಹೊಗೆ. ವಾಪಸ್ ತೋರಿಸಿದರೆ "ಟರ್ಬೊ ಸೀಲ್ ಹೋಗಿದೆ, ಹೊಸ ಟರ್ಬೊ ಹಾಕಬೇಕು" ಅಂದರು. ಕೆಲಸಕ್ಕೆ ಮುಂಚೆ ಒಂದು ಎಳೆ ಹೊಗೆಯೂ ಇರಲಿಲ್ಲ. ಎಂಜಿನ್ ಕಾದಾಗ ಟರ್ಬೊಗೂ ಪೆಟ್ಟು ಬೀಳಬಹುದು, ಅದು ಸುಳ್ಳಲ್ಲ. ಆದರೆ ಪೈಪ್ ಒಂದನ್ನೂ ಬಿಚ್ಚಿ ನೋಡದೆ ಹೇಳಿದ ಮಾತು ಅದು. ನನ್ನ ಗಾಡಿ ಕೆಲಸ ಸಾಮಾನ್ಯವಾಗಿ ನಾನೇ ಮಾಡಿಕೊಳ್ಳುತ್ತೇನೆ. ಇದನ್ನೂ ನಾನೇ ನೋಡೋಣ ಅಂತ ಮನೆಗೆ ತಂದೆ.

ಮೊದಲು ಎರಡು ದಿನ ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ಸುಮ್ನೆ ಹೊಗೆ ನೋಡಿದೆ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಬಿಳಿ ಹೊಗೆಗೆ ಸಿಹಿ ವಾಸನೆ ಇದ್ದರೆ ಕೂಲೆಂಟ್, ಕಣ್ಣು ಉರಿಸುವ ಡೀಸೆಲ್ ವಾಸನೆ ಇದ್ದರೆ ಸುಡದೆ ಉಳಿದ ಇಂಧನ. ನೀಲಿ ಅಂದರೆ ಆಯಿಲ್. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಏನು ಸುಡುತ್ತಿದೆ ಅನ್ನುವುದನ್ನಷ್ಟೇ ಬಣ್ಣ ಹೇಳುತ್ತದೆ. ಎಲ್ಲಿಂದ ಬರುತ್ತಿದೆ ಅಂತ ತಿಳಿಯಬೇಕಾದರೆ ಹೊಗೆ ಯಾವ ಹೊತ್ತಿಗೆ ಬರುತ್ತದೆ ಅಂತ ಕಾಯ್ದು ನೋಡಬೇಕು.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊಗೆ ಇಲ್ಲ. ಹೆಡ್‌ನಲ್ಲಿ ಆಯಿಲ್ ತಡೆಯುವ ವಾಲ್ವ್ ಸೀಲ್ ಹೋಗಿದ್ದರೆ ರಾತ್ರಿಯೆಲ್ಲ ಇಳಿದ ಆಯಿಲ್ ಮೊದಲ ಉಸಿರಿಗೇ ಆಚೆ ಬರಬೇಕಿತ್ತು. ಏರಿನಲ್ಲಿ ಎಳೆಸಿದರೂ ಹೊಗೆ ಹೆಚ್ಚಲಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದೆ, ಒಳಗಿನಿಂದ ಗಾಳಿ ಜೋರಾಗಿ ನುಗ್ಗುತ್ತಿರಲಿಲ್ಲ. ಹಾಗಾಗಿ ಪಿಸ್ಟನ್ ರಿಂಗ್ ಮೇಲಿನ ಅನುಮಾನ ಹೋಯಿತು. ಎಂಜಿನ್ ಒಳಗಿನ ಗಾಳಿ ಆಚೆ ಬಿಡುವ ಬ್ರೀದರ್ ಪೈಪ್ ಕೂಡ ಕಟ್ಟಿರಲಿಲ್ಲ. ಕೂಲೆಂಟ್ ಹಾಕಿದಷ್ಟೇ ಇತ್ತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆ ದಾಟಿರಲಿಲ್ಲ.

ಹೊಗೆ ಬರುತ್ತಿದ್ದುದು ಗಾಡಿ ಬಿಸಿಯಾಗಿ ಐದಾರು ನಿಮಿಷ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಾ, ನಿಂತ ಮೇಲೆ. ಓಡಿಸಿದರೆ ಒಂದು ದೊಡ್ಡ ಉಂಡೆ ಹೊಗೆ ಉಗುಳಿ ಶುದ್ಧವಾಗುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಮತ್ತೆ ಶುರು. ಸೈಲೆನ್ಸರ್ ಬಾಯಿಗೆ ಬಿಳಿ ಕರ್ಚೀಫ್ ಹಿಡಿದೆ. ಮಸಿಯ ನಡುವೆ ಜಿಡ್ಡಿನ ಹನಿ ಕೂತಿತ್ತು.

ಇದು ಯಾಕೆ ಹೀಗೆ ಅಂತ ಅರ್ಥ ಆಗಬೇಕಾದರೆ ಟರ್ಬೊ ಒಳಗೆ ಆಯಿಲ್ ಹೇಗೆ ಓಡುತ್ತದೆ ಅಂತ ಗೊತ್ತಿರಬೇಕು. ಆ ಪುಟ್ಟ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಜಾಸ್ತಿ ತಿರುಗುತ್ತದೆ, ಬೇರಿಂಗ್‌ನಲ್ಲಿರುವ ಆಯಿಲ್ ಪದರದ ಮೇಲೆ ತೇಲುತ್ತಾ. ಆಯಿಲ್ ಒಳಗೆ ಬರುವುದು ಸಣ್ಣ ಫೀಡ್ ಪೈಪಿನಲ್ಲಿ, ಪಂಪಿನ ಒತ್ತಡದಿಂದ. ವಾಪಸ್ ಹೋಗುವುದು ಮಾತ್ರ ತನ್ನ ಭಾರದಿಂದ ಇಳಿದು, ದಪ್ಪ ರಿಟರ್ನ್ ಪೈಪಿನಲ್ಲಿ. ಶಾಫ್ಟಿನ ಎರಡೂ ತುದಿಯಲ್ಲಿ ಇರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ತೆಳು ರಿಂಗ್. ಇಳಿಯುವ ದಾರಿ ಕಟ್ಟಿದರೆ ಆಯಿಲ್ ಒಳಗೇ ತುಂಬಿ ಆ ರಿಂಗ್ ದಾಟಿ ಸೋರುತ್ತದೆ. ಓಡುವಾಗ ಎಕ್ಸಾಸ್ಟ್ ಒತ್ತಡ ಅದನ್ನು ತಡೆಯುತ್ತದೆ. ಐಡಲ್‌ನಲ್ಲಿ ಆ ಒತ್ತಡ ಇರುವುದಿಲ್ಲ. ನನ್ನ ಗಾಡಿಯ ಹೊಗೆ ಬರುವ ಹೊತ್ತಿಗೂ ಇದಕ್ಕೂ ಸರಿಯಾಗಿ ತಾಳೆಯಾಯಿತು.

ಭಾನುವಾರ ಬಿಚ್ಚಲು ಕೂತೆ. ಟರ್ಬೊದಿಂದ ಬರುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಒಳಗೆ ಬೆರಳಾಡಿಸಿದರೆ ತೆಳ್ಳಗೆ ಜಿಡ್ಡು, ಅಷ್ಟೇ. ಆಯಿಲ್ ನಿಂತಿರಲಿಲ್ಲ. ಇದನ್ನು ನೀವೂ ತಪ್ಪದೆ ನೋಡಿ. ಇಂಟರ್‌ಕೂಲರ್‌ನಲ್ಲಿ ಆಯಿಲ್ ತುಂಬಿದ್ದರೆ ಡೀಸೆಲ್ ಎಂಜಿನ್ ಅದನ್ನೇ ಕುಡಿದು ತಾನಾಗಿ ಏರುತ್ತಾ ಹೋಗಬಹುದು. ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಅದನ್ನು ತೊಳೆಯದೆ ರೇಸ್ ಕೊಟ್ಟು ಪರೀಕ್ಷೆ ಮಾಡಲೇಬೇಡಿ.

ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸಿದೆ. ಅಡ್ಡಕ್ಕೆ ಕೂದಲೆಳೆಯಷ್ಟು ಆಟ, ಅದು ಇರಬೇಕಾದ್ದೇ. ಹಿಂದೆ ಮುಂದೆ ಆಟ ಇಲ್ಲ. ರೆಕ್ಕೆ ಎಲ್ಲೂ ಉಜ್ಜಿಲ್ಲ. ಎಕ್ಸಾಸ್ಟ್ ಕಡೆ ಪೈಪ್ ಇಳಿಸಿದರೆ ಟರ್ಬೈನ್ ಬಾಯಿ ಆಯಿಲ್‌ನಿಂದ ಪೂರ್ತಿ ಒದ್ದೆ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಅಡಿಗೆ ಹೋದೆ, ಬರೀ ಜ್ಯಾಕ್ ನಂಬಿ ಯಾರೂ ಹೋಗಬಾರದು. ರಿಟರ್ನ್ ಪೈಪಿನ ಎರಡು ಬೋಲ್ಟ್ ಬಿಚ್ಚಿದೆ. ಪೈಪಿನ ತುದಿಯ ಫ್ಲ್ಯಾಂಜ್ ಇಳಿಯುತ್ತಿದ್ದಂತೆ ಟಾರ್ಚ್ ಬೆಳಕಿಗೆ ಕೆಂಪಗೆ ಏನೋ ಕಂಡಿತು. ಗ್ಯಾಸ್ಕೆಟ್ ಪೇಸ್ಟ್. ಹೆಡ್ ಕೆಲಸಕ್ಕೆ ಬಿಚ್ಚಿದ್ದ ಈ ಪೈಪನ್ನು ವಾಪಸ್ ಹಾಕುವಾಗ ಗ್ಯಾರೇಜಿನವರು ಹಳೆ ಗ್ಯಾಸ್ಕೆಟ್ಟನ್ನೇ ಪೇಸ್ಟ್ ಮೆತ್ತಿ ಕೂರಿಸಿದ್ದರು. ಬೋಲ್ಟ್ ಬಿಗಿದಾಗ ಅದು ಒಳಕ್ಕೆ ಹಿಂಡಿ ಬಂದು, ನಾಲಿಗೆಯ ಹಾಗೆ ಚಾಚಿ ಒಣಗಿತ್ತು. ತೂತಿನ ಅರ್ಧಕ್ಕಿಂತ ಜಾಸ್ತಿ ಮುಚ್ಚಿತ್ತು. ಇಕ್ಕಳದಲ್ಲಿ ಹಿಡಿದು ಎಳೆದೆ, ಒಂದೇ ತುಂಡಾಗಿ ಬಂತು. ಹಿಂದೆಯೇ ಕಪ್ಪು ಆಯಿಲ್ ಬಳಬಳ ಇಳಿದು ತೋಳೆಲ್ಲ ತೋಯಿಸಿತು.

ಪೈಪನ್ನು ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು, ಹೊಸ ಗ್ಯಾಸ್ಕೆಟ್ಟನ್ನು ಪೇಸ್ಟ್ ಇಲ್ಲದೆ ಒಣದಾಗಿಯೇ ಹಾಕಿದೆ. ಫೀಡ್ ಪೈಪಿಗೆ ಹೊಸ ತಾಮ್ರದ ವಾಷರ್ ಕೊಟ್ಟೆ. ಟರ್ಬೊ ಆಯಿಲ್ ತೂತಿಗೆ ಶುದ್ಧ ಆಯಿಲ್ ಹನಿಸಿ, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಇಂಜೆಕ್ಟರ್ ಕನೆಕ್ಟರ್ ಕಿತ್ತು ಹತ್ತು ಸೆಕೆಂಡಿನಂತೆ ಎರಡು ಸಲ ಕ್ರ್ಯಾಂಕ್ ಮಾಡಿದೆ. ಬೇರಿಂಗ್ ಒಣಗಿದ್ದಾಗ ಶಾಫ್ಟ್ ತಿರುಗಬಾರದಲ್ವಾ.

ಸ್ಟಾರ್ಟ್ ಮಾಡಿದರೆ ಮೊದಲಿಗಿಂತ ಜಾಸ್ತಿ ಹೊಗೆ! ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು. ಸೈಲೆನ್ಸರ್ ಒಳಗೆ ಇಷ್ಟು ದಿನ ಸೇರಿದ ಆಯಿಲ್ ಸುಡಬೇಕಿತ್ತು. ಬೇಲೂರಿಗೆ ಹೋಗಿ ಬಂದೆ. ಹೋಗುವಾಗ ಕನ್ನಡಿಯಲ್ಲಿ ಹೊಗೆ ಕಾಣುತ್ತಿತ್ತು, ಬರುವಾಗ ತೆಳ್ಳಗಾಗಿ ನಿಂತಿತು.

ಮುಂದಿನ ವಾರ ಮತ್ತೆ ಶಿರಾಡಿ ಹತ್ತಿದೆ. ದೋಣಿಗಾಲ್ ಹತ್ತಿರ ಬದಿಗೆ ನಿಲ್ಲಿಸಿ, ಹದಿನೈದು ನಿಮಿಷ ಐಡಲ್‌ನಲ್ಲಿ ಬಿಟ್ಟು ಹಿಂದೆ ಹೋಗಿ ಕರ್ಚೀಫ್ ಹಿಡಿದೆ. ಒಣ ಮಸಿ ಮಾತ್ರ ಇತ್ತು.