ಹೊಸ ಕಾಯಿಲೆಗೆ ವಿಡಿಯೊ, ಹಳೇ ಮಾತ್ರೆಗೆ ಮೆಸೇಜೂ ಸಾಕು

ಆನ್‌ಲೈನ್‌ನಲ್ಲಿ ಡಾಕ್ಟರಿಗೆ ಮೊದಲ ಸಲ ತೋರಿಸುತ್ತಿದ್ದರೆ ವಿಡಿಯೊ ಕಾಲನ್ನೇ ಆರಿಸಿಕೊಳ್ಳಿ. ಬಿಪಿ, ಶುಗರ್ ಮಾತ್ರೆ ಮುಂದುವರಿಸುವುದಷ್ಟೇ ಆದರೆ ಫೋನೋ ಮೆಸೇಜೋ ಸಾಕು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಮೊದಲ ಭೇಟಿ ಬರೀ ಆಡಿಯೊ ಅಥವಾ ಚಾಟ್‌ನಲ್ಲಾದರೆ ವೈದ್ಯರು ಪ್ಯಾರಸಿಟಮಾಲ್, ಓಆರ್‌ಎಸ್‌ನಂಥ ಸಾಮಾನ್ಯ ಔಷಧಿ ದಾಟಿ ಹೆಚ್ಚೇನೂ ಬರೆಯುವಂತಿಲ್ಲ. ವಿಡಿಯೊ ಆದರೆ ಅವರ ಕೈ ಸ್ವಲ್ಪ ಸಡಿಲ. ಅದೇ ಕಾಯಿಲೆಗೆ, ಅದೇ ಡಾಕ್ಟರಿಗೆ ಖುದ್ದಾಗಿ ತೋರಿಸಿ ಆರು ತಿಂಗಳಾಗಿಲ್ಲದಿದ್ದರೆ ಅದು ಫಾಲೋಅಪ್. ಹಳೇ ಮಾತ್ರೆಯನ್ನೂ ಬರೆಯಬಹುದು, ಅದರ ಜೊತೆಗೆ ಇನ್ನೊಂದನ್ನೂ ಸೇರಿಸಬಹುದು. ಆರು ತಿಂಗಳು ದಾಟಿತೋ, ಮತ್ತೆ ಹೊಸ ಪೇಷಂಟ್ ಲೆಕ್ಕ.

ಮೆಸೇಜ್‌ನಲ್ಲಿ ಹಳೇ ಚೀಟಿಯ ಜೊತೆ ಮಾತ್ರೆ ಸ್ಟ್ರಿಪ್‌ನ ಹಿಂಬದಿಯ ಫೋಟೊ ಕಳಿಸಿ. ಹೆಸರು, ಎಂಜಿ ಎರಡೂ ಓದುವಂತಿರಲಿ. ಅರ್ಧ ಕತ್ತರಿಸಿದ ಸ್ಟ್ರಿಪ್‌ನಲ್ಲಿ ಸಾಮಾನ್ಯವಾಗಿ ಹೋಗಿರುವುದು ಅದೇ ಭಾಗ. ಚರ್ಮದ ಗಂಧೆಯಾದರೆ ಟ್ಯೂಬ್‌ಲೈಟ್ ಬೇಡ, ಕಿಟಕಿ ಬೆಳಕಲ್ಲಿ ತೆಗೆಯಿರಿ.

ಇಷ್ಟಾದರೂ ಕೆಲವು ಕಡೆ ಇದು ನಡೆಯುವುದಿಲ್ಲ. ಮಾರ್ಫಿನ್‌ನಂಥ ಮಾದಕ ಔಷಧಿಗೆ ಖುದ್ದಾಗಿಯೇ ಹೋಗಬೇಕು. ಹೊಟ್ಟೆ ಮುಟ್ಟಿ ನೋಡಬೇಕಾದ ನೋವು ವಿಡಿಯೊದಲ್ಲೂ ತಿಳಿಯದು. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಆ್ಯಪ್ ತೆರೆಯುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದವರು, ಸ್ಮಾರ್ಟ್‌ಫೋನ್ ಬಳಸಲು ಬಾರದ ಹಿರಿಯರು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ (ಸರ್ಕಾರಿ ಆರೋಗ್ಯ ಕೇಂದ್ರ) ಇ-ಸಂಜೀವಿನಿ, ಅಂದರೆ ಸರ್ಕಾರದ ಆನ್‌ಲೈನ್ ಡಾಕ್ಟರ್ ಸೇವೆ ಕೇಳಲಿ. ಅಲ್ಲಿನ ಸಿಬ್ಬಂದಿಯೇ ಬಿಪಿ ನೋಡಿ ಡಾಕ್ಟರಿಗೆ ವಿವರ ಹೇಳುತ್ತಾರೆ. ನನ್ನ ಕೇಳಿದರೆ ವಯಸ್ಸಾದವರಿಗೆ ಇದೇ ಮೇಲು.