ಉದ್ದನೆಯ ತಾಂತ್ರಿಕ ದಾಖಲೆಗೆ ಕೆಡದ ಪರಿವಿಡಿ

ಮುನ್ನೂರು ಪುಟದ ಕೈಪಿಡಿಯನ್ನು ಯಾರೂ ಮೊದಲಿಂದ ಕೊನೆಯವರೆಗೆ ಓದುವುದಿಲ್ಲ. ಯಂತ್ರ ನಿಂತಾಗ ಪರಿವಿಡಿ ತೆರೆದು, ಬೇಕಾದ ಸಾಲು ಹುಡುಕಿ, ನೇರ ಆ ಪುಟಕ್ಕೆ ಹೋಗುತ್ತಾರೆ. ಪರಿವಿಡಿಯಲ್ಲಿ 147 ಎಂದಿದ್ದು ವಿಷಯ 151ರಲ್ಲಿ ಸಿಕ್ಕರೆ, ಮಿಕ್ಕ ಪುಟಸಂಖ್ಯೆಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಇಂಥ ತಪ್ಪುಗಳಲ್ಲಿ ಹೆಚ್ಚಿನವು ಪರಿವಿಡಿಯ ಒಳಗೇ ಕೂತು ತಿದ್ದುವುದರಿಂದ ಬರುತ್ತವೆ. ಪರಿವಿಡಿ ಎನ್ನುವುದು ಶೀರ್ಷಿಕೆಗಳ ಪಡಿಯಚ್ಚು. ಪದ ತಪ್ಪಿದ್ದರೆ ಶೀರ್ಷಿಕೆಯಲ್ಲಿ ತಿದ್ದಿ. ರೂಪ ಕೆಟ್ಟಿದ್ದರೆ ಪರಿವಿಡಿಯ ಸ್ಟೈಲ್‌ನಲ್ಲಿ, ಅಂದರೆ ಹೆಸರಿಟ್ಟು ಉಳಿಸಿದ ವಿನ್ಯಾಸದಲ್ಲಿ, ತಿದ್ದಿ. ಪರಿವಿಡಿಯ ಮೇಲೆ ನೇರವಾಗಿ ಮಾಡಿದ ತಿದ್ದುಪಡಿ ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತದೆ.

ಇಲ್ಲಿನ ಹೆಜ್ಜೆಗಳು ಮೈಕ್ರೋಸಾಫ್ಟ್ ವರ್ಡ್‌ನವು. ಲಿಬ್ರೆ ಆಫೀಸ್ ಮತ್ತು ಆದೇಶಗಳನ್ನು ಬರೆದು ದಾಖಲೆ ಸಿದ್ಧಪಡಿಸುವ ಲೇಟೆಕ್‌ಗಳಲ್ಲಿ ಮುಖ್ಯ ವ್ಯತ್ಯಾಸವಿರುವ ಕಡೆ ಅದನ್ನೂ ಹೇಳಿದೆ.

ಮೊದಲು ಶೀರ್ಷಿಕೆಗಳು

ಅಧ್ಯಾಯಕ್ಕೆ ಹೆಡಿಂಗ್ 1, ವಿಭಾಗಕ್ಕೆ ಹೆಡಿಂಗ್ 2, ಉಪವಿಭಾಗಕ್ಕೆ ಹೆಡಿಂಗ್ 3 ಸ್ಟೈಲ್ ಹಾಕಿ. ಅಕ್ಷರ ದಪ್ಪ ಮಾಡಿ ಗಾತ್ರ ಹೆಚ್ಚಿಸಿದ ಮಾತ್ರಕ್ಕೆ ಅದು ಶೀರ್ಷಿಕೆ ಆಗುವುದಿಲ್ಲ, ಪರಿವಿಡಿಗೆ ಬರುವುದೂ ಇಲ್ಲ. ಸಂಖ್ಯೆಗಳನ್ನು ಕೈಯಿಂದ ಟೈಪ್ ಮಾಡಬೇಡಿ. 1, 1.1, 1.1.1 ಎಂದು ತಾನಾಗಿ ಎಣಿಸುವ ಮಲ್ಟಿಲೆವೆಲ್ ಲಿಸ್ಟ್‌ನ ಪ್ರತಿ ಮಟ್ಟವನ್ನೂ ಅದರ ಹೆಡಿಂಗ್ ಸ್ಟೈಲ್‌ಗೆ ಜೋಡಿಸಿ.

ಅಧ್ಯಾಯ ಹೊಸ ಪುಟದಿಂದ ಶುರುವಾಗಬೇಕಾದರೆ ಹೆಡಿಂಗ್ 1 ಸ್ಟೈಲ್‌ನಲ್ಲೇ ‘ಪೇಜ್ ಬ್ರೇಕ್ ಬಿಫೋರ್’ ಆನ್ ಮಾಡಿ. ಶೀರ್ಷಿಕೆಯ ಸಾಲಿನೊಳಗೆ ಪೇಜ್ ಬ್ರೇಕ್ ತುರುಕಿದರೆ ಪರಿವಿಡಿಯಲ್ಲಿ ಹೆಸರಿಲ್ಲದ ಖಾಲಿ ಸಾಲೊಂದು ಬಂದು ಕೂರುವುದುಂಟು. ಉದ್ದದ ಶೀರ್ಷಿಕೆಯನ್ನು ಶಿಫ್ಟ್-ಎಂಟರ್ ಒತ್ತಿ ಎರಡು ಸಾಲು ಮಾಡುವ ಅಭ್ಯಾಸವೂ ಬೇಡ. ಆ ಒಡಕು ಪರಿವಿಡಿಗೂ ಬಂದು, ಅಲ್ಲಿ ಸಾಲು ಅರ್ಧಕ್ಕೇ ಮುರಿಯುವುದುಂಟು. ಅದರ ಬದಲು ಆ ಶೀರ್ಷಿಕೆಗೆ ಬಲಗಡೆ ಇಂಡೆಂಟ್ ಕೊಡಿ, ಬೇಕಾದಲ್ಲಿ ತಾನಾಗಿ ಮಡಚಿಕೊಳ್ಳುತ್ತದೆ. ಲೇಟೆಕ್‌ನಲ್ಲಿ ಚೌಕ ಆವರಣದೊಳಗೆ ಕೊಟ್ಟ ಚಿಕ್ಕ ಶೀರ್ಷಿಕೆ ಪರಿವಿಡಿಗೆ ಹೋಗುತ್ತದೆ, ಪೂರ್ತಿ ಶೀರ್ಷಿಕೆ ಒಳಪುಟದಲ್ಲಿ ಉಳಿಯುತ್ತದೆ.

ಎಷ್ಟು ಮಟ್ಟ?

ಮೂರು ಸಾಕು. ನಾಲ್ಕನೇ ಮಟ್ಟ ಸೇರಿಸಿದರೆ ಪರಿವಿಡಿಯೇ ಎಂಟು ಹತ್ತು ಪುಟಕ್ಕೆ ಬೆಳೆದು, ಅದರಲ್ಲೇ ಹುಡುಕಾಡುವ ಸ್ಥಿತಿ ಬರುತ್ತದೆ. ಅಷ್ಟು ವಿವರ ಬೇಕೇಬೇಕಾದರೆ ಮುಂದೆ ಎರಡು ಮಟ್ಟದ ಮುಖ್ಯ ಪರಿವಿಡಿ ಇಟ್ಟು, ಪ್ರತಿ ಅಧ್ಯಾಯದ ಆರಂಭದಲ್ಲಿ ಆ ಅಧ್ಯಾಯದ್ದೇ ಕಿರು ಪರಿವಿಡಿ ಕೊಡಿ. ಅದಕ್ಕೆ ಇಡೀ ಅಧ್ಯಾಯವನ್ನು ಸೆಲೆಕ್ಟ್ ಮಾಡಿ ಬುಕ್‌ಮಾರ್ಕ್ (ಆ ಭಾಗಕ್ಕೊಂದು ಹೆಸರಿನ ಗುರುತು) ಹಾಕಿ, ಇನ್ನೊಂದು ಪರಿವಿಡಿ ಸೇರಿಸಿ. ಹಳೆಯದನ್ನು ಬದಲಿಸಲೇ ಎಂದು ವರ್ಡ್ ಕೇಳಿದಾಗ ‘ನೋ’ ಎನ್ನಿ. ನಂತರ ಆಲ್ಟ್-ಎಫ್9 ಒತ್ತಿ ಫೀಲ್ಡ್ ಕೋಡ್, ಅಂದರೆ ಹೊಸ ಪರಿವಿಡಿಯ ಹಿಂದಿರುವ ಆದೇಶದ ಸಾಲು, ತೆರೆದು, ಅದರ ಕೊನೆಯಲ್ಲಿ ಬ್ಯಾಕ್‌ಸ್ಲ್ಯಾಷ್, ಬಿ ಅಕ್ಷರ, ಒಂದು ಸ್ಪೇಸ್, ಬುಕ್‌ಮಾರ್ಕ್‌ನ ಹೆಸರು ಸೇರಿಸಿ. ಮತ್ತೆ ಆಲ್ಟ್-ಎಫ್9 ಒತ್ತಿ, ಎಫ್9ನಿಂದ ಅಪ್‌ಡೇಟ್ ಮಾಡಿ.

ಅಳತೆಗಳು

ಪರಿವಿಡಿಯ ಅಂದ, ಅನುಕೂಲ ಎರಡೂ ನಿಂತಿರುವುದು ಟ್ಯಾಬ್ ಮತ್ತು ಇಂಡೆಂಟ್‌ಗಳ ಮೇಲೆ. ಎ4 ಹಾಳೆಯ ಅಗಲ 21 ಸೆಂ.ಮೀ. ಬೈಂಡಿಂಗ್‌ಗೆಂದು ಎಡಕ್ಕೆ 3, ಬಲಕ್ಕೆ 2 ಸೆಂ.ಮೀ. ಅಂಚು ಬಿಟ್ಟರೆ ಬರೆಯಲು 16 ಸೆಂ.ಮೀ. ಸಿಗುತ್ತದೆ. ಟಿಓಸಿ 1, 2, 3 ಎಂದರೆ ಪರಿವಿಡಿಯ ಮೂರು ಮಟ್ಟಗಳ ಸ್ಟೈಲ್‌ಗಳು. ಹ್ಯಾಂಗಿಂಗ್ ಎಂದರೆ ಸಂಖ್ಯೆ ಶುರುವಾಗುವಲ್ಲಿಂದ ಹೆಸರು ಶುರುವಾಗುವವರೆಗಿನ ಜಾಗ. 11 ಪಾಯಿಂಟ್ ಅಕ್ಷರಕ್ಕೆ ಒಗ್ಗುವ ಅಳತೆಗಳು ಇವು:

ಟಿಓಸಿ 1: ಎಡ ಇಂಡೆಂಟ್ 0, ಹ್ಯಾಂಗಿಂಗ್ 0.9 ಸೆಂ.ಮೀ.
ಟಿಓಸಿ 2: ಎಡ ಇಂಡೆಂಟ್ 0.9, ಹ್ಯಾಂಗಿಂಗ್ 1.3 ಸೆಂ.ಮೀ.
ಟಿಓಸಿ 3: ಎಡ ಇಂಡೆಂಟ್ 2.2, ಹ್ಯಾಂಗಿಂಗ್ 1.8 ಸೆಂ.ಮೀ.

ಹೀಗಿಟ್ಟರೆ ವಿಭಾಗದ ಸಂಖ್ಯೆ ಅಧ್ಯಾಯದ ಹೆಸರಿನ ನೇರಕ್ಕೆ, ಉಪವಿಭಾಗದ ಸಂಖ್ಯೆ ವಿಭಾಗದ ಹೆಸರಿನ ನೇರಕ್ಕೆ ಬರುತ್ತದೆ. ‘12.14.3’ರಂಥ ಉದ್ದದ ಸಂಖ್ಯೆಗೂ ಜಾಗ ಸಾಲುತ್ತದೆ. ಹೆಸರು ಶುರುವಾಗುವ ಜಾಗದಲ್ಲಿ, ಅಂದರೆ 0.9, 2.2, 4.0 ಸೆಂ.ಮೀ.ಗಳಲ್ಲಿ, ಆಯಾ ಸ್ಟೈಲ್‌ಗೆ ಎಡ ಟ್ಯಾಬ್ ಒಂದನ್ನೂ ಇಡಿ. ಇಡದಿದ್ದರೆ ವರ್ಡ್ ತನಗೆ ತೋಚಿದ ಕಡೆ ಟ್ಯಾಬ್ ಹಾಕಿ ಸಾಲುಗಳನ್ನು ವಕ್ರ ಮಾಡುತ್ತದೆ.

ಮೂರಕ್ಕೂ ಬಲ ಇಂಡೆಂಟ್ 1.2 ಸೆಂ.ಮೀ. ಇರಲಿ, 16 ಸೆಂ.ಮೀ.ಗೆ ಚುಕ್ಕಿಸಾಲಿನ ಬಲ ಟ್ಯಾಬ್ ಇಡಿ. ಈ 1.2 ಸೆಂ.ಮೀ. ಬಹಳ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಉದ್ದದ ಹೆಸರು ಪುಟಸಂಖ್ಯೆಯ ಅಂಕಣಕ್ಕೇ ನುಗ್ಗುತ್ತದೆ. ಅದಿದ್ದರೆ ಹೆಸರು ಮೊದಲೇ ಮಡಚಿಕೊಂಡು, ಬಲತುದಿಯಲ್ಲಿ 9, 99, 199 ಎಲ್ಲವೂ ಬಿಡಿಸ್ಥಾನ ಕೂಡಿಸಿಕೊಂಡು ಒಂದರ ಕೆಳಗೊಂದು ನಿಲ್ಲುತ್ತವೆ.

ಅಧ್ಯಾಯದ ಸಾಲು ದಪ್ಪಕ್ಷರದಲ್ಲಿದ್ದರೆ ಅದರ ಚುಕ್ಕಿಗಳೂ ದಪ್ಪವಾಗಿ ಕಣ್ಣಿಗೆ ಚುಚ್ಚುತ್ತವೆ. ಟಿಓಸಿ 1ಕ್ಕೆ ಚುಕ್ಕಿ ತೆಗೆದು ಬರೀ ಟ್ಯಾಬ್ ಉಳಿಸಿ, ಮೇಲೆ 6 ಪಾಯಿಂಟ್ ಜಾಗ ಕೊಡಿ. ‘ಕೀಪ್ ವಿತ್ ನೆಕ್ಸ್ಟ್’ ಕೂಡ ಹಾಕಿ, ಅಧ್ಯಾಯದ ಹೆಸರು ಪುಟದ ತಳದಲ್ಲಿ ಒಂಟಿಯಾಗಿ ಉಳಿಯುವುದಿಲ್ಲ.

ಇವನ್ನೆಲ್ಲ ಮಾಡುವ ಜಾಗ: ರೆಫರೆನ್ಸಸ್, ಟೇಬಲ್ ಆಫ್ ಕಂಟೆಂಟ್ಸ್, ಕಸ್ಟಮ್ ಟೇಬಲ್ ಆಫ್ ಕಂಟೆಂಟ್ಸ್, ಮಾಡಿಫೈ. ಮಾಡಿಫೈ ಗುಂಡಿ ಮಂಕಾಗಿದ್ದರೆ ಫಾರ್ಮ್ಯಾಟ್ಸ್ ಪಟ್ಟಿಯಲ್ಲಿ ‘ಫ್ರಮ್ ಟೆಂಪ್ಲೇಟ್’ ಆರಿಸಿ. ಲಿಬ್ರೆ ಆಫೀಸ್‌ನಲ್ಲಿ ಈ ಸ್ಟೈಲ್‌ಗಳಿಗೆ ಕಂಟೆಂಟ್ಸ್ 1, 2, 3 ಎಂದು ಹೆಸರು. ಅಲ್ಲಿ ಸಂಖ್ಯೆಗೂ ಹೆಸರಿಗೂ ನಡುವಿನ ಟ್ಯಾಬ್ ಅನ್ನು ಎಂಟ್ರೀಸ್ ಟ್ಯಾಬ್‌ನ ಸ್ಟ್ರಕ್ಚರ್ ಸಾಲಿನಲ್ಲಿ ನೀವೇ ಸೇರಿಸಬೇಕು.

ಅನುಬಂಧದ್ದೊಂದು ತೊಡಕು. ‘ಅನುಬಂಧ 1’ ಎಂಬ ಗುರುತು 0.9 ಸೆಂ.ಮೀ.ಯಲ್ಲಿ ಹಿಡಿಸುವುದಿಲ್ಲ. ಅದಕ್ಕೊಂದು ಬೇರೆ ಶೀರ್ಷಿಕೆ ಸ್ಟೈಲ್ ಮಾಡಿ, ಕಸ್ಟಮ್ ಟೇಬಲ್ ಆಫ್ ಕಂಟೆಂಟ್ಸ್ ಕಿಟಕಿಯ ಆಪ್ಷನ್ಸ್‌ನಲ್ಲಿ ಆ ಸ್ಟೈಲ್‌ನ ಎದುರು ಮಟ್ಟ 4 ಎಂದು ಬರೆಯಿರಿ. ಬಳಕೆಯಲ್ಲಿಲ್ಲದ ಟಿಓಸಿ 4 ಹೀಗೆ ಅನುಬಂಧಕ್ಕೆ ಮೀಸಲಾಗುತ್ತದೆ. ಅದಕ್ಕೆ ಎಡ ಇಂಡೆಂಟ್ 0, ಹ್ಯಾಂಗಿಂಗ್ 2.5 ಸೆಂ.ಮೀ. ಕೊಟ್ಟರೆ ಆಯಿತು. ಹೆಡಿಂಗ್ 4 ಶೀರ್ಷಿಕೆಗಳಿದ್ದರೆ ಅದೇ ಪಟ್ಟಿಯಲ್ಲಿ ಅದರ ಎದುರಿನ ಅಂಕೆಯನ್ನು ಖಾಲಿ ಬಿಡಿ.

ಪುಟಸಂಖ್ಯೆ ಏಕೆ ತಪ್ಪುತ್ತದೆ

ಪರಿವಿಡಿ ಮೂರು ಪುಟದಿಂದ ನಾಲ್ಕಕ್ಕೆ ಬೆಳೆದರೆ ಮುಂದಿನ ಪ್ರತಿ ಅಧ್ಯಾಯವೂ ಒಂದು ಪುಟ ಮುಂದಕ್ಕೆ ಸರಿಯುತ್ತದೆ. ಅದಕ್ಕೆ ಮುಂಚೆ ಎಣಿಸಿದ ಸಂಖ್ಯೆಗಳೆಲ್ಲ ಆಗ ಸುಳ್ಳು. ಪರಿವಿಡಿಯ ನಂತರ ‘ನೆಕ್ಸ್ಟ್ ಪೇಜ್’ ಸೆಕ್ಷನ್ ಬ್ರೇಕ್ ಹಾಕಿ, ಮುಂದಿನ ಸೆಕ್ಷನ್‌ನ ಅಡಿಬರಹದಲ್ಲಿ ‘ಲಿಂಕ್ ಟು ಪ್ರೀವಿಯಸ್’ ತೆಗೆಯಿರಿ. ಮುಂಭಾಗಕ್ಕೆ ರೋಮನ್ ಅಂಕಿ ಕೊಟ್ಟು, ಮೊದಲ ಅಧ್ಯಾಯವನ್ನು 1ರಿಂದ ಎಣಿಸಿ. ಇನ್ನು ಪರಿವಿಡಿ ಎಷ್ಟು ಬೆಳೆದರೂ ಒಳಪುಟಗಳ ಸಂಖ್ಯೆ ಕದಲುವುದಿಲ್ಲ. ಲೇಟೆಕ್ ಹಿಂದಿನ ಸಲ ಬರೆದಿಟ್ಟ ಕಡತದಿಂದ ಪರಿವಿಡಿ ಓದಿಕೊಳ್ಳುವುದರಿಂದ ಕನಿಷ್ಠ ಎರಡು ಸಲ ಕಂಪೈಲ್ ಮಾಡಿ, ಪರಿವಿಡಿ ಬೆಳೆದಿದ್ದರೆ ಮೂರು ಸಲ.

ವರ್ಡ್‌ನಲ್ಲಿ ಇನ್ನೊಂದು ಅಪಾಯವಿದೆ. ಅಡಗಿಸಿದ ಪಠ್ಯ ಪರದೆಯ ಮೇಲೆ ಕಾಣುತ್ತಿದ್ದರೆ ಅದೂ ಜಾಗ ತಿಂದು ಪುಟಗಳನ್ನು ತಳ್ಳುತ್ತದೆ, ಮುದ್ರಣದಲ್ಲಿ ಮಾತ್ರ ಬರುವುದಿಲ್ಲ. ಪದಸೂಚಿಯ ಗುರುತುಗಳು ಈ ಬಗೆಯವು. ಪ್ಯಾರಾ ಚಿಹ್ನೆಗಳ ಪ್ರದರ್ಶನ ಆಫ್ ಮಾಡಿಯೇ ಅಪ್‌ಡೇಟ್ ಮಾಡಿ.

ಎಫ್9 ಒತ್ತಿದಾಗ ಬರುವ ಎರಡು ಆಯ್ಕೆಗಳಲ್ಲಿ ಯಾವಾಗಲೂ ‘ಅಪ್‌ಡೇಟ್ ಎಂಟೈರ್ ಟೇಬಲ್’ ಆರಿಸಿ. ಬರೀ ಪುಟಸಂಖ್ಯೆ ಅಪ್‌ಡೇಟ್ ಮಾಡಿದರೆ, ಅಳಿಸಿದ ಶೀರ್ಷಿಕೆಯ ಸಾಲು ಹಾಗೇ ಉಳಿದು ಅದರ ಮುಂದೆ ‘ಎರರ್! ಬುಕ್‌ಮಾರ್ಕ್ ನಾಟ್ ಡಿಫೈನ್ಡ್’ ಎಂದು ಬರುತ್ತದೆ. ಪ್ರತಿ ಸಾಲಿನ ಹಿಂದೆ ಶೀರ್ಷಿಕೆಗೆ ಕಟ್ಟಿದ ಗುಪ್ತ ಬುಕ್‌ಮಾರ್ಕ್ ಇರುತ್ತದೆ. ಶೀರ್ಷಿಕೆಯ ಜೊತೆ ಅದೂ ಅಳಿದಿರುತ್ತದೆ. ಒಂದು ಇಡೀ ಪ್ಯಾರಾ ಪರಿವಿಡಿಯಲ್ಲಿ ಕಾಣಿಸಿಕೊಂಡರೆ ಆ ಪ್ಯಾರಾದ ಸ್ಟೈಲ್ ಮತ್ತು ಔಟ್‌ಲೈನ್ ಲೆವೆಲ್ ನೋಡಿ, ಅದು ‘ಬಾಡಿ ಟೆಕ್ಸ್ಟ್’ ಇರಬೇಕು.

ಪಿಡಿಎಫ್ ಮಾಡುವಾಗ

ಮುದ್ರಣಕ್ಕೆ ಕೊಡುವ ‘ಪ್ರಿಂಟ್ ಟು ಪಿಡಿಎಫ್’ ದಾರಿಯಲ್ಲಿ ಕೊಂಡಿಗಳು ಸತ್ತುಹೋಗುತ್ತವೆ. ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ, ಆಪ್ಷನ್ಸ್‌ನಲ್ಲಿ ‘ಕ್ರಿಯೇಟ್ ಬುಕ್‌ಮಾರ್ಕ್ಸ್ ಯೂಸಿಂಗ್ ಹೆಡಿಂಗ್ಸ್’ ಗುರುತು ಹಾಕಿ. ಆಮೇಲೆ ಆ ಪಿಡಿಎಫ್‌ನಲ್ಲೇ ‘ಎರರ್!’ ಎಂಬ ಪದ ಹುಡುಕಿ. ಮೊದಲ ಅಧ್ಯಾಯ, ಕೊನೆಯ ಅಧ್ಯಾಯ, ಒಂದು ಅನುಬಂಧ, ಎರಡು ಸಾಲಿಗೆ ಮಡಚಿದ ಒಂದು ಹೆಸರು, ಇಷ್ಟನ್ನಾದರೂ ಒತ್ತಿ, ತೆರೆದ ಪುಟದ ಅಡಿಯಲ್ಲಿ ಅಚ್ಚಾದ ಸಂಖ್ಯೆಯೂ ಪರಿವಿಡಿಯಲ್ಲಿರುವುದೂ ಒಂದೇ ಇದೆಯೇ ನೋಡಿ.